ಮೂರು ಜನತಾ ವಾಚು, ಮೂರು ಸಂತೆ

ನನ್ನ ಹತ್ತಿರ 23 ಎಚ್‌ಎಂಟಿ ವಾಚುಗಳಿದ್ದವು. ಎರಡು ಆಟೋಮ್ಯಾಟಿಕ್, ಉಳಿದವೆಲ್ಲ ಕೀ ಕೊಡೋವು. ತುಮಕೂರಿನಲ್ಲಿ ಬೆಳೆದವನಿಗೆ ಈ ಹುಚ್ಚು ಹಿಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ನಾವು ಹುಡುಗರಾಗಿದ್ದಾಗ ಬೀದಿಯ ಅರ್ಧ ಜನ ಅಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಗೇ ಹೋಗುತ್ತಿದ್ದರು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಯಿತಲ್ಲ, ಆಮೇಲೆ ನಾನು ಹಳೇ ವಾಚು ಕಂಡಲ್ಲೆಲ್ಲ ಕೊಳ್ಳತೊಡಗಿದೆ. 2025ರ ಮಾರ್ಚಿನಲ್ಲಿ ಮನೆ ಬದಲಿಸುವಾಗ ಹೆಂಡತಿ ಹೇಳಿದ್ದು ಒಂದೇ ಮಾತು: "ರೀ, ಆ ಡ್ರಾಯರ್ ಹೊಸ ಮನೆಗೆ ಬರೋದಾದ್ರೆ ಅರ್ಧ ಖಾಲಿಯಾಗಿ ಬರಲಿ."

ಸರಿ, 12 ಮಾರೋಣ ಎಂದುಕೊಂಡೆ. ಎಲ್ಲಿ ಮಾರುವುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ಹತ್ತಿರ ಹೆಚ್ಚುಕಮ್ಮಿ ಒಂದೇ ಥರದ ಮೂರು ಜನತಾ ವಾಚುಗಳಿದ್ದವು. ಬಿಳಿ ಡಯಲ್, 17 ಜ್ಯುವೆಲ್ (ಚಕ್ರಗಳು ಸವೆಯದಂತೆ ಕೂರಿಸುವ ಸಣ್ಣ ಕಲ್ಲುಗಳು), ಒಳಗೆ 0231 ನಂಬರಿನ ಮಷೀನು. ಮೂರನ್ನೂ ಒಬ್ಬನೇ ರಿಪೇರಿಯವನ ಹತ್ತಿರ ಎಣ್ಣೆ ಹಾಕಿಸಿ ತಂದೆ. ಒಂದು ಇಬೇ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜಿಗೆ, ಒಂದು ವಾಟ್ಸಾಪ್ ಹರಾಜು ಗುಂಪಿಗೆ, ಇನ್ನೊಂದು ಹಳೇ ಸಾಮಾನು ಮಾರುವ ಲೋಕಲ್ ಆ್ಯಪ್‌ಗೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಇಬೇಯಲ್ಲಿ 31 ಡಾಲರಿಗೆ ಹೋಯಿತು. ಪೋಸ್ಟೇಜ್ ಕೊಂಡವರದೇ. ಶುಲ್ಕ, ಡಾಲರನ್ನು ರೂಪಾಯಿ ಮಾಡುವಾಗ ಕಳೆಯುವುದು, ಎಲ್ಲ ಹೋಗಿ ನನ್ನ ಖಾತೆಗೆ ಬಂದದ್ದು ಸುಮಾರು 2,150 ರೂಪಾಯಿ. ವಾಟ್ಸಾಪ್ ಗುಂಪಿನಲ್ಲಿ 1,450ಕ್ಕೆ ನಿಂತಿತು. ಅಡ್ಮಿನ್‌ಗೆ ನೂರಕ್ಕೆ ಐದು ಕೊಟ್ಟ ಮೇಲೆ 1,377 ಉಳಿಯಿತು. ಲೋಕಲ್ ಆ್ಯಪ್‌ನಲ್ಲಿ 2,500 ಅಂತ ಹಾಕಿ, ಕೊನೆಗೆ 1,800 ಕ್ಯಾಶ್.

ಇಷ್ಟು ನೋಡಿದರೆ ಇಬೇಯೇ ಗೆದ್ದಿತು ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಕಾಂಚನ್ ವಾಚು ಮಾರುವವರೆಗೆ.

ಲೋಕಲ್ ಆ್ಯಪ್‌ನ ಕಥೆ ಮೊದಲು ಮುಗಿಸುತ್ತೇನೆ, ಅದು ಹರಾಜೇ ಅಲ್ಲ. ಏಳು ವಾರ ಹಿಡಿಯಿತು. ಬಂದ ಮೆಸೇಜು ನಲವತ್ತಕ್ಕೂ ಮೇಲೆ. ಅದರಲ್ಲಿ ಮುಕ್ಕಾಲು "ಲಾಸ್ಟ್ ಪ್ರೈಸ್?" ಅಷ್ಟೇ. ನಮಸ್ಕಾರ ಇಲ್ಲ, ವಾಚು ಓಡುತ್ತಾ ಅನ್ನುವ ಪ್ರಶ್ನೆ ಇಲ್ಲ. ಒಬ್ಬ, ತಾನು ಮಿಲಿಟರಿಯಲ್ಲಿದ್ದೇನೆ, ಬರಲು ಆಗಲ್ಲ, ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತೆ ಅಂದ. ಯುಪಿಐನಲ್ಲಿ ದುಡ್ಡು ತಗೊಳ್ಳಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಇದು ಗೊತ್ತಿದ್ದದ್ದಕ್ಕೆ ಬಚಾವಾದೆ. ಕೊನೆಗೆ ಕೊಂಡವರು ಒಬ್ಬ ನಿವೃತ್ತ ಮೇಷ್ಟ್ರು. ರೈಲ್ವೇ ಸ್ಟೇಷನ್ ಹೊರಗೆ ಭೇಟಿಯಾಗಿ, ವಾಚನ್ನು ಕಿವಿಗೆ ಹಿಡಿದು ಒಂದು ನಿಮಿಷ ಕೇಳಿ, ಜೇಬಿನಿಂದ ದುಡ್ಡು ತೆಗೆದರು. ಅಂಥವರು ಒಬ್ಬರು ಸಿಗಲು ಏಳು ವಾರ.

ಈಗ ಹರಾಜಿನ ವಿಷಯ.

ಇಬೇ ಹುಟ್ಟಿದ್ದು 1995ರಲ್ಲಿ, ಅಮೆರಿಕದಲ್ಲಿ. ಅದನ್ನು ಶುರು ಮಾಡಿದ ಪಿಯರ್ ಒಮಿಡ್ಯಾರ್ ಎಂಬಾತ ಮೊದಲು ಮಾರಿದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು. ಕೆಟ್ಟಿದೆ ಅಂತ ಗೊತ್ತಾ ಅಂತ ಕೇಳಿದರೆ, ಕೆಟ್ಟ ಲೇಸರ್ ಪಾಯಿಂಟರ್ ಕೂಡಿಸುವುದೇ ತನ್ನ ಹವ್ಯಾಸ ಅಂದನಂತೆ ಕೊಂಡವನು. ನಮ್ಮಂಥ ಹುಚ್ಚರು ಎಲ್ಲ ಕಡೆ ಇದ್ದಾರೆ. ಇಬೇ ನಮ್ಮ ದೇಶಕ್ಕೂ ಬಂದಿತ್ತು. 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನುವ ಇಲ್ಲಿನ ಹರಾಜು ತಾಣ ಕೊಂಡು ಇಲ್ಲಿ ಶುರು ಮಾಡಿತು, 2018ರ ಆಗಸ್ಟಿನಲ್ಲಿ ಭಾರತದ ತಾಣ ಮುಚ್ಚಿತು. ಹಾಗಾಗಿ ಈಗ ಇಲ್ಲಿಂದ ಇಬೇಯಲ್ಲಿ ಮಾರುವುದು ಅಂದರೆ ಹೊರದೇಶಕ್ಕೆ ಮಾರುವುದು. ಒಂದೇ ಒಂದು ವಾಚು ಮಾರಿದರೂ ನೀವು ರಫ್ತುದಾರರು! 500 ರೂಪಾಯಿ ಕಟ್ಟಿ, ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಐಇಸಿ ನಂಬರ್ ಮಾಡಿಸಿದೆ, ದುಡ್ಡು ತರಿಸಲು ಪೇಯೋನಿಯರ್ ಖಾತೆ ತೆರೆದೆ. ಹೆಂಡತಿ ಎರಡು ದಿನ "ಎಕ್ಸ್‌ಪೋರ್ಟರ್ ಸಾಹೇಬ್ರೇ, ಕಾಫಿ" ಅಂತಿದ್ದಳು.

ಅಲ್ಲಿ ಹರಾಜು 1, 3, 5, 7 ಅಥವಾ 10 ದಿನ ಇಡಬಹುದು. ಯಾವ ಹೊತ್ತಿಗೆ ಹಾಕಿದೆವೋ, ಕೊನೆಯ ದಿನ ಅದೇ ಹೊತ್ತಿಗೆ ಮುಗಿಯುತ್ತದೆ. ಇದನ್ನು ಮೊದಲು ಗಮನಿಸಿರಲಿಲ್ಲ. ನಾನು ಜವಾನ್ ಮಾಡೆಲ್ ಒಂದನ್ನು ಮಧ್ಯಾಹ್ನ ಊಟ ಮಾಡಿ ಆರಾಮಾಗಿ ಎರಡು ಗಂಟೆಗೆ ಹಾಕಿದ್ದೆ. ಮುಗಿಯುವಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಜಾವ. 12 ಡಾಲರಿಗೆ ಹೋಯಿತು. ಜನತಾ ಹಾಕುವಾಗ ಬುದ್ಧಿ ಬಂದಿತ್ತು. ಸೋಮವಾರ ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟು ಎದ್ದು ಹಾಕಿದೆ. ಅಲ್ಲಿ ಆಗ ಭಾನುವಾರ ರಾತ್ರಿ ಎಂಟು ಗಂಟೆ, ಜನ ಊಟ ಮುಗಿಸಿ ಫೋನ್ ಹಿಡಿದು ಕೂತಿರುವ ಹೊತ್ತು. ಚಳಿಗಾಲದಲ್ಲಾದರೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಇದೇ ಲೆಕ್ಕ ನಮಗೆ ಆರೂವರೆ.

ಶುರುವಿನ ಬೆಲೆ 99 ಸೆಂಟ್ ಇಟ್ಟಿದ್ದೆ. ಆರು ದಿನ ಕಳೆದರೂ 9 ಡಾಲರ್ ದಾಟಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತಾ ಕೂತೆ. ಒಂದು ನಿಮಿಷ ಇದ್ದಾಗ 17. ಎಂಟು ಸೆಕೆಂಡ್ ಇದ್ದಾಗ ಒಮ್ಮೆಲೇ 31. ಮುಗೀತು. ಅಲ್ಲಿ ಕೊಳ್ಳುವವರು ತಮ್ಮ ಕೊನೇ ಬೆಲೆಯನ್ನು ಗುಟ್ಟಾಗಿ ಹಾಕಿಡಬಹುದು. ಎರಡನೆಯವನು ಎಲ್ಲಿಗೆ ನಿಲ್ಲುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬೆಲೆ ನಿಲ್ಲುತ್ತದೆ. ಗೆದ್ದವನು 60 ಹಾಕಿದ್ದರೂ ಇರಬಹುದು, ನನಗೆ ಗೊತ್ತಾಗುವುದಿಲ್ಲ. ನನಗೆ ದುಡ್ಡು ಕೊಡಿಸಿದ್ದು ಗೆದ್ದವನಲ್ಲ, ಸೋತವನು.

ನಮ್ಮೂರ ಜಾತ್ರೆಯಲ್ಲಿ ದೇವರಿಗೆ ಬಂದ ತೆಂಗಿನಕಾಯಿ, ಕೋಳಿ ಸವಾಲು ಕೂಗುವುದನ್ನು ನೋಡಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಅಲ್ಲಿ "ಒಂದು ಸಾರಿ, ಎರಡು ಸಾರಿ" ಅಂತ ಕೂಗುವವನು ಮೂರನೇ ಸಾರಿ ಅನ್ನುವ ಮುಂಚೆ ಯಾರ ಮುಖದಲ್ಲಾದರೂ ಆಸೆ ಕಂಡರೆ ಸುಮ್ನೆ ಕೆಮ್ಮಿ ಹೊತ್ತು ಕಳೆಯುತ್ತಾನೆ. ವಾಟ್ಸಾಪ್ ಗುಂಪು ಈ ಜಾತಿಗೆ ಸೇರಿದ್ದು. ರಾತ್ರಿ ಹತ್ತಕ್ಕೆ ಮುಗಿಯಬೇಕು, ಆದರೆ ಕೊನೆಯ ಬಿಡ್ ಬಂದು ಮೂರು ನಿಮಿಷ ಸುಮ್ಮನಿದ್ದರೆ ಮಾತ್ರ. ಇಲ್ಲದಿದ್ದರೆ ಓಡುತ್ತಲೇ ಇರುತ್ತದೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನೇ ಬರೆದಿದ್ದಾರೆ. ಗಡಿಯಾರ ನೋಡಿ ಮುಗಿಯುವ ಇಬೇಯಲ್ಲಿ ಕೊನೆಗಳಿಗೆಯಲ್ಲಿ ಬಿಡ್ ಹಾಕುವವರು ಜಾಸ್ತಿ, ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿದ್ದ ಆಗಿನ ಅಮೆಜಾನ್ ಹರಾಜಿನಲ್ಲಿ ಕಮ್ಮಿ.

ಗುಂಪಿನಲ್ಲಿ ನನಗೆ ಇಷ್ಟವಾದದ್ದು ವೇಗ. ಜನತಾ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಮುಗಿಯಿತು, ಹತ್ತೂಕಾಲಕ್ಕೆ ಫೋನ್‌ಪೇ ಟಿಂಗ್ ಅಂತು. ಮಾರನೇ ದಿನ ಸ್ಪೀಡ್ ಪೋಸ್ಟ್. ಇಬೇಯದು ಐಇಸಿಯಿಂದ ಹಿಡಿದು ದುಡ್ಡು ಕೈಗೆ ಬರುವವರೆಗೆ ಐದು ವಾರ. ಇಷ್ಟವಾಗದ್ದು, ಎಲ್ಲವೂ ನಂಬಿಕೆಯ ಮೇಲೆ ನಿಂತಿರುವುದು. ನನ್ನ ಇನ್ನೊಂದು ಜವಾನ್ ಗೆದ್ದವನು "ಸಂಬಳ ಆಗ್ಲಿ ಅಣ್ಣಾ" ಅಂದ. ಸಂಬಳ ಆಯಿತು, ಮುಂದಿನ ತಿಂಗಳದ್ದೂ ಆಯಿತು. ಅವನು ಗುಂಪು ಬಿಟ್ಟು ಹೋದ. ಎರಡನೇ ಬಿಡ್‌ನವನು ಅಷ್ಟರಲ್ಲಿ ಬೇರೆ ಕೊಂಡಿದ್ದ.

ಇನ್ನೊಂದು ಪೆಟ್ಟು ನನ್ನದೇ ತಪ್ಪಿನಿಂದ ಬಿತ್ತು. ಪೈಲಟ್ ಮಾಡೆಲ್ ಎರಡಿದ್ದವು, ಕಪ್ಪು ಡಯಲಿನವು. ಒಂದನ್ನು ಇಬೇಗೆ ಹಾಕಿದೆ. ಹೊರದೇಶದಲ್ಲಿ ಪೈಲಟ್‌ಗೆ ಒಂದು ಮರ್ಯಾದೆ ಇದೆ: ಸೀದಾ ಅಂಕಿಗಳು, ಮಿಲಿಟರಿ ನೋಟ, ಹಿನ್ನೆಲೆಯಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಹೆಸರು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದೇ ಸಿಟಿಜನ್ ಜೊತೆಗೂಡಿ. ಅದು 74 ಡಾಲರಿಗೆ ಹೋಯಿತು. ಇನ್ನೊಂದನ್ನು ಗುಂಪಿಗೆ ಹಾಕಲು ಅಡ್ಮಿನ್ ಕೊಟ್ಟ ದಿನ ಜೂನ್ 3, ಮಂಗಳವಾರ. ಒಪ್ಪಿಕೊಂಡೆ, ಕ್ಯಾಲೆಂಡರ್ ನೋಡಲಿಲ್ಲ. ಆ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಫೈನಲ್! ಹದಿನೆಂಟು ವರ್ಷ ಕಾದ ಕಪ್ಪು ಬರುವ ಹೊತ್ತಿನಲ್ಲಿ ಯಾವ ಕನ್ನಡಿಗ ವಾಚಿಗೆ ಬಿಡ್ ಹಾಕುತ್ತಾನೆ? ನಾನೇ ಟಿವಿ ಮುಂದೆ ಇದ್ದೆ. 1,500ಕ್ಕೆ ಶುರು, ಒಂದೇ ಬಿಡ್, 1,500ಕ್ಕೆ ಮುಗಿಯಿತು. ಕೊಂಡವರು ಕೊಚ್ಚಿಯವರು. ಕ್ರಿಕೆಟ್ ನೋಡಲ್ವಂತೆ.

ಆದರೆ ಕಾಂಚನ್ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಒಂದು ಕಾಲದಲ್ಲಿ ಮದುವೆಯಲ್ಲಿ ಅಳಿಯನಿಗೆ ಕೊಡಬೇಕಾದ ವಾಚು ಅಂದರೆ ಕಾಂಚನ್. ಆಟೋಮ್ಯಾಟಿಕ್, ಬಂಗಾರದ ಬಣ್ಣ, ಕೈಗೆ ಕಟ್ಟಿದರೆ ತೂಕ ಗೊತ್ತಾಗುತ್ತೆ. ಇಬೇಯಲ್ಲಿ 20 ಡಾಲರಿಗೆ ಶುರು ಮಾಡಿದೆ. ಏಳು ದಿನಕ್ಕೆ ಒಂದೇ ಬಿಡ್, 20 ಡಾಲರ್. ಓಹಾಯೋದಲ್ಲಿರುವವನಿಗೆ ಅದೊಂದು ಹಳೇ ಬಂಗಾರ ಬಣ್ಣದ ವಾಚು, ಅಷ್ಟೇ. ಅದರ ಜೊತೆಯದನ್ನು ಗುಂಪಿಗೆ ಹಾಕಿದೆ, 1,000ಕ್ಕೆ ಶುರು. ಅರ್ಧ ಗಂಟೆಯಲ್ಲಿ 2,800. ಆಮೇಲೆ ದಾವಣಗೆರೆಯವರೊಬ್ಬರು, ಹುಬ್ಬಳ್ಳಿಯವರೊಬ್ಬರು ಇಬ್ಬರೇ ಉಳಿದರು. ನೂರು ನೂರು ಏರಿಸುತ್ತಾ ಹತ್ತೂ ಮುಕ್ಕಾಲಿನವರೆಗೆ ಎಳೆದರು. ಮಧ್ಯೆ ದಾವಣಗೆರೆಯವರು ಬರೆದರು: "ನಮ್ಮಪ್ಪಾಜಿ ಮದುವೆ ವಾಚು ಇದೇ ಮಾಡೆಲ್. ಕಳ್ಳತನ ಆಯ್ತು." 4,600ಕ್ಕೆ ಅವರಿಗೇ ಸಿಕ್ಕಿತು. ಹುಬ್ಬಳ್ಳಿಯವರು ಒಂದು ನಮಸ್ಕಾರದ ಚಿತ್ರ ಹಾಕಿ ಸುಮ್ಮನಾದರು. ಬೇಕಂತಲೇ ಬಿಟ್ಟುಕೊಟ್ಟರೋ ಏನೋ.

ಅಂದಿನಿಂದ ನಾನು ವಾಚು ನೋಡಿ ಜಾಗ ಆರಿಸುತ್ತೇನೆ. ನೋಟಕ್ಕೆ ಬೆಲೆ ಇದ್ದರೆ ಇಬೇ. ನೆನಪಿಗೆ ಬೆಲೆ ಇದ್ದರೆ ಗುಂಪು. ಇಬ್ಬರು ಬೇಕೇ ಬೇಕು ಅನ್ನುವ ಗ್ಯಾರಂಟಿ ಇಲ್ಲದ ಮಾಲಿಗೆ ಹರಾಜೇ ಬೇಡ, ಬೆಲೆ ಹಾಕಿ ಕಾಯುವುದು ವಾಸಿ. 99 ಸೆಂಟಿನ ಆಟ ಜನತಾ, ಪೈಲಟ್‌ನಂಥವಕ್ಕೆ ಸರಿ. ಉಳಿದವಕ್ಕೆ, ಇದಕ್ಕಿಂತ ಕಮ್ಮಿಗೆ ಹೋದರೆ ಹೊಟ್ಟೆ ಉರಿಯುತ್ತೆ ಅನ್ನುವ ಬೆಲೆಯಿಂದಲೇ ಶುರು ಮಾಡಿ.

ಫೋಟೋ, ವಿವರಣೆಯ ಬಗ್ಗೆ ಒಂದು ಮಾತು. ಎರಡೂ ಕಡೆ ನನಗೆ ಬಿಡ್ ಜಾಸ್ತಿ ತಂದದ್ದು ಹಿಂದಿನ ಮುಚ್ಚಳ ತೆಗೆದು ಮಷೀನು ತೋರಿಸಿದ ಫೋಟೋ. ಕಿಟಕಿ ಪಕ್ಕ, ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. "ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತೆ, ಗಾಜಿನ ಮೇಲೆ ಗೀರು ಇದೆ" ಅಂತ ಬರೆದ ವಾಚಿಗೆ "ಚೆನ್ನಾಗಿದೆ" ಅಂತ ಬರೆದದ್ದಕ್ಕಿಂತ ಒಳ್ಳೇ ಬೆಲೆ ಬಂತು. ಮುಖ್ಯವಾಗಿ ಡಯಲ್. ಹಳೇ ಎಚ್‌ಎಂಟಿಗಳಿಗೆ ಹೊಸ ಬಣ್ಣ ಬಳಿದು ಮಾರುವವರು ತುಂಬಾ ಜನ. ಕೂಡಿಸುವವರು ಅದಕ್ಕೆ ಮುಂಬೈ ಸ್ಪೆಷಲ್ ಅಂತ ಹೆಸರಿಟ್ಟಿದ್ದಾರೆ. ನಾನು ಒಂದು ಸೋನಾ ವಾಚನ್ನು ಒರಿಜಿನಲ್ ಡಯಲ್ ಅಂತಲೇ ನಂಬಿ ಜರ್ಮನಿಗೆ ಮಾರಿದ್ದೆ. ಕೊಂಡಾತ ಅಕ್ಷರಗಳ ದೊಡ್ಡ ಫೋಟೋ ತೆಗೆದು ಕಳಿಸಿದ, ಪಕ್ಕದಲ್ಲಿ ಅಸಲಿ ಡಯಲ್ ಇಟ್ಟು. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ. ವಾಪಸ್ ತರಿಸುವ ಖರ್ಚು ವಾಚಿಗಿಂತ ಜಾಸ್ತಿ, ಹಾಗಾಗಿ ದುಡ್ಡು ಕೊಟ್ಟು ವಾಚು ಅಲ್ಲೇ ಇಟ್ಟುಕೊಳ್ಳಿ ಅಂದೆ. ತುಮಕೂರಿನವನಿಗೆ ಎಚ್‌ಎಂಟಿ ಬಗ್ಗೆ ಜರ್ಮನಿಯವನು ಪಾಠ ಹೇಳಿದ್ದು ಇನ್ನೂ ಚುಚ್ಚುತ್ತದೆ.

ಪಾರ್ಸೆಲ್ ವಿಷಯದಲ್ಲಿ ಕೀ ಕೊಡೋ ವಾಚಿನ ಒಂದು ಅನುಕೂಲ, ಒಳಗೆ ಬ್ಯಾಟರಿ ಇಲ್ಲ. ಬ್ಯಾಟರಿ ಇದ್ದರೆ ವಿಮಾನದಲ್ಲಿ ಕಳಿಸಲು ನೂರೆಂಟು ತಕರಾರು. ಆದರೆ 2025ರ ಆಗಸ್ಟಿನಿಂದ ಅಮೆರಿಕದ ಲೆಕ್ಕವೇ ಬದಲಾಯಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕದ ವಿನಾಯಿತಿಯನ್ನು ಆಗಸ್ಟ್ 29ರಿಂದ ಅವರು ತೆಗೆದುಹಾಕಿದರು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು. ನನ್ನ ಒಳ್ಳೇ ಮಾರಾಟವೆಲ್ಲ ಅದಕ್ಕೆ ಮುಂಚಿನದು. ಈಗ 30 ಡಾಲರಿನ ಜನತಾಕ್ಕೆ ಸುಂಕ ಸೇರಿಸಿ ಕೊಡಿ ಅಂದರೆ ಅಲ್ಲಿನವರು ಹಿಂದೆ ಸರಿಯುತ್ತಾರೆ.

ಹನ್ನೆರಡರಲ್ಲಿ ಈಗ ಎರಡು ಉಳಿದಿವೆ. ದುಡ್ಡು ಕೊಡದೆ ಹೋದವನ ಜವಾನ್ ಒಂದು, ಕೊಹಿನೂರ್ ಒಂದು. ಜವಾನ್ ಅನ್ನು ಇಬೇಯಲ್ಲೇ ಇಂಗ್ಲೆಂಡ್, ಯೂರೋಪಿನವರಿಗೆ ಮಾತ್ರ ಅಂತ ಹಾಕಿದ್ದೇನೆ, ಶುರುವಿನ ಬೆಲೆ 25 ಡಾಲರ್. ಅಲ್ಲಿನ ಭಾನುವಾರ ರಾತ್ರಿ ಅಂದರೆ ನಮಗೆ ಸೋಮವಾರ ಬೆಳಗಿನ ಜಾವ ಒಂದೂವರೆ, ಈ ಸಲ ಅಲಾರಂ ಬೇಡ, ಎದ್ದಿರುತ್ತೇನೆ. ಕೊಹಿನೂರ್ ಬಗ್ಗೆ ಮೇಷ್ಟ್ರು ಮೊನ್ನೆ ಫೋನ್ ಮಾಡಿದ್ದರು: "ಇನ್ನೊಂದು ಇದ್ರೆ ಹೇಳಿ, ನಮ್ಮ ತಮ್ಮನಿಗೂ ಬೇಕಂತೆ." 1,800ಕ್ಕೇ ಕೊಡ್ತೀನಿ ಅಂದಿದ್ದೇನೆ. ಶನಿವಾರ, ಅದೇ ಸ್ಟೇಷನ್ ಹೊರಗೆ.