ಒಂದೇ ಗಾಜು, ಮೂರು ಚಿಪ್: ಎಲ್‌ಸಿಡಿ ಡ್ರೈವರ್ ಹೋಲಿಕೆ

ನಾಲ್ಕು ಕಾಮನ್ (ಹಲವು ಗೆರೆಗಳು ಹಂಚಿಕೊಳ್ಳುವ ಪಿನ್) ಇರುವ, ಏಳು ಗೆರೆಗಳಿಂದ ಅಂಕಿ ಮೂಡಿಸುವ ಸೆವೆನ್ ಸೆಗ್ಮೆಂಟ್ ಎಲ್‌ಸಿಡಿ ಗಾಜೊಂದನ್ನು ಮೂರು ಮೈಕ್ರೋಕಂಟ್ರೋಲರ್‌ಗಳಿಗೆ ಜೋಡಿಸಿ ನೋಡಿದೆ. ಎಂಎಸ್‌ಪಿ430ಎಫ್‌ಆರ್4133, ಎಸ್‌ಟಿಎಂ32ಎಲ್152, ಪಿಐಸಿ16ಎಫ್1937. ಮೂರರಲ್ಲೂ ಗಾಜನ್ನು ನಡೆಸುವ ಡ್ರೈವರ್, ಚಿಪ್‌ನ ಒಳಗೇ ಇದೆ. ಬ್ಯಾಟರಿಯಲ್ಲಿ ಓಡುವ ಮೀಟರ್‌ಗೆ ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಆಯ್ಕೆ ಎಂಎಸ್‌ಪಿ. ಕಾರಣ ಬರೀ ಕರೆಂಟ್ ಉಳಿತಾಯ ಅಲ್ಲ, ಅದರ ಮೆಮೊರಿ ಜೋಡಣೆ.

ಇಂಥ ಗಾಜಿನಲ್ಲಿ ಒಂದು ಅಂಕಿಗೆ ಸಾಮಾನ್ಯವಾಗಿ ಎರಡು ಸೆಗ್ಮೆಂಟ್ ಪಿನ್ ಸಾಕು. ಎರಡು ಪಿನ್, ನಾಲ್ಕು ಕಾಮನ್, ಒಟ್ಟು ಎಂಟು ಬಿಟ್. ಏಳು ಗೆರೆ ಮತ್ತು ಒಂದು ಚುಕ್ಕೆ, ಲೆಕ್ಕ ಸರಿಹೋಯಿತು. ಎಂಎಸ್‌ಪಿಯಲ್ಲಿ ಒಂದು ಎಲ್‌ಸಿಡಿಎಂ (ಎಲ್‌ಸಿಡಿ ಮೆಮೊರಿ) ಬೈಟ್ ಅಂದರೆ ಅಕ್ಕಪಕ್ಕದ ಎರಡು ಪಿನ್. ಹಾಗಾಗಿ ಒಂದು ಬೈಟ್ ಬರೆದರೆ ಇಡೀ ಅಂಕಿ ಮೂಡುತ್ತದೆ. ಎಸ್‌ಟಿಎಂನಲ್ಲಿ ಹಾಗಲ್ಲ. ಅಲ್ಲಿ ಮೆಮೊರಿ ಕಾಮನ್ ಪ್ರಕಾರ ಹಂಚಿಕೆಯಾಗಿದೆ, ಒಂದೇ ಅಂಕಿಯ ಬಿಟ್‌ಗಳು ನಾಲ್ಕು ಕಡೆ ಚದುರಿಕೊಳ್ಳುತ್ತವೆ. ನಾಲ್ಕನ್ನೂ ಓದಿ, ತಿದ್ದಿ, ವಾಪಸ್ ಬರೆಯಬೇಕು. ಕೋಡ್ ಕಷ್ಟವೇನಲ್ಲ, ಆದರೆ ಟೇಬಲ್ ಬರೆಯುವಾಗ ತಲೆ ಜಾಸ್ತಿ ಓಡಿಸಬೇಕು.

ಪಿನ್ ವಿಷಯದಲ್ಲೂ ಎಂಎಸ್‌ಪಿ ಮುಂದೆ. ಯಾವ ಎಲ್‌ಸಿಡಿ ಪಿನ್ ಬೇಕಾದರೂ ಕಾಮನ್ ಆಗಬಹುದು, ಸೆಗ್ಮೆಂಟ್ ಆಗಬಹುದು. ಬೋರ್ಡಿನಲ್ಲಿ ಗೆರೆಗಳನ್ನು ನೇರವಾಗಿ ಎಳೆದು, ಉಳಿದದ್ದನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡಿಕೊಳ್ಳಬಹುದು. ಈ ಸ್ವಾತಂತ್ರ್ಯಕ್ಕೆ ಒಂದು ಕರಾರು ಇದೆ. ಎಲ್‌ಸಿಡಿಸಿಎಸ್‌ಸೆಲ್0 ರಿಜಿಸ್ಟರ್‌ನಲ್ಲಿ (ಚಿಪ್‌ನ ಸೆಟ್ಟಿಂಗ್ ಬರೆಯುವ ಜಾಗ) ಕಾಮನ್ ಪಿನ್ ಗುರುತಿಸಿದರೆ ಸಾಲದು, ಮೆಮೊರಿಯಲ್ಲೂ ಯಾವ ಪಿನ್ ಯಾವ ಕಾಮನ್ ಅಂತ ಬರೆಯಬೇಕು. ಎಲ್0ಯಿಂದ ಎಲ್3ರವರೆಗಿನ ಪಿನ್‌ಗಳು ಕಾಮನ್ ಆದರೆ ಎಲ್‌ಸಿಡಿಎಂ0ಗೆ 0x21, ಎಲ್‌ಸಿಡಿಎಂ1ಗೆ 0x84. ಮೆಮೊರಿ ಅಳಿಸುವ ಬಿಟ್ ಒತ್ತುವುದು (1 ಮಾಡುವುದು) ಇದಕ್ಕೂ ಮೊದಲು. ಆಮೇಲೆ ಒತ್ತಿದರೆ ಕಾಮನ್ ಗುರುತೂ ಅಳಿಸಿಹೋಗುತ್ತದೆ, ಗಾಜಿನಲ್ಲಿ ಏನೂ ಕಾಣುವುದಿಲ್ಲ.

ಎಸ್‌ಟಿಎಂನಲ್ಲಿ ಪಿನ್‌ಗಳು ಮೊದಲೇ ನಿಗದಿ. ಕಾಮನ್‌ಗಳು ಪಿಎ8, ಪಿಎ9, ಪಿಎ10, ಪಿಬಿ9. ಇದರಲ್ಲಿ ಪಿಎ9, ಪಿಎ10 ಸೀರಿಯಲ್ ಸಂವಹನದ ಯುಸಾರ್ಟ್1ರ ಪಿನ್‌ಗಳೂ ಹೌದು, ಅದನ್ನು ಪಿಬಿ6, ಪಿಬಿ7ಕ್ಕೆ ಸರಿಸಬೇಕಾಗುತ್ತದೆ. ಪಿಬಿ3, ಪಿಬಿ4, ಪಿಎ15 ಕೂಡ ಸೆಗ್ಮೆಂಟ್‌ಗೆ ಬೇಕಾದರೆ ಜೆಟ್ಯಾಗ್ ಎಂಬ ಡಿಬಗ್ ಜೋಡಣೆ ಬಿಟ್ಟು, ಕಡಿಮೆ ಪಿನ್ ಬೇಡುವ ಎಸ್‌ಡಬ್ಲ್ಯೂಡಿಯಲ್ಲೇ ಡಿಬಗ್ ಮಾಡಬೇಕು. ಸ್ಕೀಮ್ಯಾಟಿಕ್ ಬರೆಯುವಾಗಲೇ ಇದು ಗೊತ್ತಿರಬೇಕು.

ಆದರೆ ಚಿತ್ರದ ಗುಣಮಟ್ಟ ತಿದ್ದಿಕೊಳ್ಳಲು ಎಸ್‌ಟಿಎಂ ನನಗೆ ತುಂಬಾ ಹಿಡಿಸಿತು. ಡೆಡ್ ಟೈಮ್ (ಫ್ರೇಮ್‌ಗಳ ನಡುವಿನ ಬಿಡುವು), ಪಲ್ಸ್ ಅವಧಿ, ಕಾಂಟ್ರಾಸ್ಟ್‌ಗೆ ಎಂಟು ಹಂತ, ಎಲ್ಲ ಒಂದೇ ಎಫ್‌ಸಿಆರ್ ರಿಜಿಸ್ಟರ್‌ನಲ್ಲಿ. 32768 ಹರ್ಟ್ಸ್ ಕ್ರಿಸ್ಟಲ್ ಇಟ್ಟು ಕ್ಲಾಕ್ ಭಾಗಿಸುವ ಪಿಎಸ್‌ಗೆ 4, ಡಿಐವಿಗೆ 1 ಕೊಟ್ಟರೆ ಫ್ರೇಮ್ ಸುಮಾರು 30 ಹರ್ಟ್ಸ್. ನನ್ನ ಕಣ್ಣಿಗೆ ಅದು ಮಿನುಗಿದಂತೆ ಕಂಡಿತು. ಪಿಎಸ್ 3 ಮಾಡಿದ ಕೂಡಲೇ 60 ಹರ್ಟ್ಸ್ ಆಯಿತು, ಅಂಕಿಗಳು ನಿಂತವು. ಕರೆಂಟ್ ಸ್ವಲ್ಪ ಏರುತ್ತದೆ, ಆದರೂ ನಾನು ಇದನ್ನೇ ಇಡುತ್ತೇನೆ. ಎಫ್‌ಸಿಆರ್‌ಗೆ ಬರೆದ ಮೇಲೆ ಎಫ್‌ಸಿಆರ್‌ಎಸ್‌ಎಫ್ ಫ್ಲ್ಯಾಗ್‌ಗೆ ಕಾಯಬೇಕು, ಯಾಕೆಂದರೆ ಆ ರಿಜಿಸ್ಟರ್ ನಿಧಾನದ ಕ್ಲಾಕ್‌ಗೆ ಸೇರಿದ್ದು. ಇನ್ನು ಡಬಲ್ ಬಫರ್: ಎಲ್ಲ ಅಂಕಿಗಳನ್ನೂ ಬರೆದು ಯುಡಿಆರ್ (ಅಪ್‌ಡೇಟ್ ಕೇಳುವ ಬಿಟ್) ಒತ್ತಿದ ಮೇಲೆಯೇ ಬದಲಾವಣೆ ಕಾಣುತ್ತದೆ. 1999 ಹೋಗಿ 2000 ಬರುವಾಗ ಮಧ್ಯೆ ಅರೆಬರೆ ಸಂಖ್ಯೆ ಇಣುಕುವುದಿಲ್ಲ. ಎಂಎಸ್‌ಪಿಯಲ್ಲಿ ಇದಕ್ಕೆ ಎರಡನೇ ಮೆಮೊರಿಯಲ್ಲಿ ಬರೆದು, ಯಾವ ಮೆಮೊರಿ ಕಾಣಬೇಕೆಂದು ಆರಿಸುವ ಎಲ್‌ಸಿಡಿಡಿಸ್ಪ್ ಬಿಟ್ ತಿರುಗಿಸಬಹುದು.

ಪಿಐಸಿಯಲ್ಲಿ ಕೆಲಸ ಬೇಗ ಮುಗಿಯಿತು, ರಿಜಿಸ್ಟರ್‌ಗಳು ಕಡಿಮೆ. ಆದರೆ ಈ ಚಿಪ್‌ನಲ್ಲಿ ಚಾರ್ಜ್ ಪಂಪ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಇಲ್ಲ, ವೋಲ್ಟೇಜ್ ಹಂಚುವ ರೆಸಿಸ್ಟರ್ ಲ್ಯಾಡರ್ ಮಾತ್ರ. ಲ್ಯಾಡರ್ ಅನ್ನು ವಿಡಿಡಿಯಿಂದ (ಚಿಪ್‌ನ ಸಪ್ಲೈ ವೋಲ್ಟೇಜ್) ನಡೆಸಿದರೆ ಬ್ಯಾಟರಿ ಇಳಿದಂತೆ ಅಂಕಿಗಳೂ ಮಸುಕಾಗುತ್ತವೆ. ಟೈಪ್ ಬಿ ತರಂಗ (ಫ್ರೇಮ್‌ಗೊಮ್ಮೆ ಧ್ರುವ ಬದಲಿಸುವ ಬಗೆ) ಆರಿಸಿದರೆ, ಬರೆಯಲು ಅನುಮತಿ ತೋರಿಸುವ ಡಬ್ಲ್ಯೂಎ ಬಿಟ್ ನೋಡಿಯೇ ಬರೆಯಿರಿ. ಇಲ್ಲದಿದ್ದರೆ ಡಬ್ಲ್ಯೂಇಆರ್‌ಆರ್ ಎಂಬ ತಪ್ಪಿನ ಫ್ಲ್ಯಾಗ್ ಏಳುತ್ತದೆ.

ನಿದ್ದೆಯಲ್ಲಿ ಮೂರೂ ಚಿಪ್ ಗಾಜನ್ನು ಉಳಿಸಿಕೊಳ್ಳುತ್ತವೆ. ಎಸ್‌ಟಿಎಂ ಸ್ಟಾಪ್ ಮೋಡ್‌ನಲ್ಲಿ, ಪಿಐಸಿ ಎಸ್‌ಎಲ್‌ಪಿಇಎನ್ ಬಿಟ್ ಸೊನ್ನೆ ಇದ್ದರೆ. ಎಂಎಸ್‌ಪಿ ಎಲ್‌ಪಿಎಂ3.5 ಎಂಬ ಆಳ ನಿದ್ದೆಯವರೆಗೂ ಇಳಿಯುತ್ತದೆ, ಅಲ್ಲಿ ಸಿಪಿಯು ಮತ್ತು ರ‍್ಯಾಮ್ ಆಫ್ ಆಗಿದ್ದರೂ ಅಂಕಿಗಳು ಗಾಜಿನ ಮೇಲೆ ಇರುತ್ತವೆ. ಎಚ್ಚರವಾಗುವುದು ರಿಸೆಟ್ ಮೂಲಕ. ಆದ್ದರಿಂದ ಉಳಿಯಬೇಕಾದ ಲೆಕ್ಕವನ್ನು ವಿದ್ಯುತ್ ಹೋದರೂ ಅಳಿಯದ ಎಫ್‌ರ‍್ಯಾಮ್‌ನಲ್ಲಿ ಇಡಿ.