ಹಳದಿ ಪಿನ್ನಿಗೆ ವೈ ಕೇಬಲ್ ಹಾಕುವ ಮುಂಚೆ ಇದನ್ನು ಓದಿ

ಟೀವಿಗೆ ಹಾಕಿ ಗೇಮ್ ಆಡುವ ಹಳೇ ಪ್ಲೇಸ್ಟೇಷನ್ 2 ಇದೆ, ಅದನ್ನು ಒಟ್ಟಿಗೆ ಎರಡು ಟೀವಿಗೆ ಕೊಡಬೇಕು ಅಂತಿದ್ದರೆ ಒಂದು ನಿಮಿಷ ತಡೆಯಿರಿ. ಇದೇ ಕೆಲಸಕ್ಕೆ ಕೈ ಹಾಕಿ ನಾನು 1,800 ರೂಪಾಯಿ ಸುಮ್ನೆ ಕಳೆದುಕೊಂಡೆ.

ಮೇ ತಿಂಗಳ ರಾಯಚೂರು ಗೊತ್ತಲ್ಲ, ಮಧ್ಯಾಹ್ನ ಹುಡುಗರನ್ನು ಹೊರಗೆ ಬಿಡುವ ಹಾಗಿಲ್ಲ. ಅಕ್ಕನ ಮಕ್ಕಳು ರಜೆಗೆ ಬಂದಿದ್ದರು. ಅಟ್ಟದಿಂದ ಪ್ಲೇಸ್ಟೇಷನ್ ಇಳಿಸಿದೆ. ರೂಮಿನಲ್ಲಿ ಹಳೇ 21 ಇಂಚಿನ ಡಬ್ಬಾ ಟೀವಿ, ಹಾಲ್‌ನಲ್ಲಿ ಎಲ್‌ಇಡಿ. ಇಬ್ಬರು ಒಳಗೆ ಆಡಲಿ, ಉಳಿದವರು ಹಾಲ್‌ನಲ್ಲಿ ಕೂತು ನೋಡಲಿ ಅಂತ ನನ್ನ ಲೆಕ್ಕ. ತೀನ್ ಕಂದೀಲ್ ಕಡೆ ಹೋಗಿ ಮೂರು ವೈ ಪಿನ್ (ಒಂದು ಪಿನ್ನನ್ನು ಎರಡಾಗಿ ಕವಲೊಡೆಸುವುದು; ಚಿತ್ರದ ಹಳದಿಗೆ ಒಂದು, ಸೌಂಡಿನ ಕೆಂಪು-ಬಿಳಿಗೆ ಎರಡು), ಒಂದು ಉದ್ದನೆಯ ಕೇಬಲ್ ತಂದೆ. ಬರುವಾಗ ವಗ್ಗರಣಿ-ಮಿರ್ಚಿನೂ ಕಟ್ಟಿಸಿಕೊಂಡೆ. ಅವತ್ತು ದುಡ್ಡಿಗೆ ಸರಿಯಾಗಿ ಬಂದಿದ್ದು ಅದೊಂದೇ.

ಆನ್ ಮಾಡಿದ್ದೇ ತಡ, ಡಬ್ಬಾ ಟೀವಿಯಲ್ಲಿ ಚಿತ್ರ ಮಂಕಾಗಿ ಮೇಲಕ್ಕೆ ಉರುಳತೊಡಗಿತು. ಎಲ್‌ಇಡಿ ಐದು ಸೆಕೆಂಡ್ ತೋರಿಸಿ 'ನೋ ಸಿಗ್ನಲ್' ಅನ್ನುತ್ತಿತ್ತು. ಆದರೆ ಸೌಂಡು ಎರಡರಲ್ಲೂ ಚೊಕ್ಕವಾಗಿತ್ತು. ನಾನು ಎಡವಿದ್ದು ಅಲ್ಲೇ. ಸೌಂಡು ಬರುತ್ತಿದೆ, ಅಂದಮೇಲೆ ಕೇಬಲ್ ಸರಿ ಇದೆ, ಪ್ಲೇಸ್ಟೇಷನ್ನೇ ಕೆಟ್ಟಿದೆ ಅಂದುಕೊಂಡೆ.

ಒಂದು ರಿಪೇರಿ ಅಂಗಡಿಗೆ ಒಯ್ದೆ. ಎರಡು ಟೀವಿಯ ವಿಷಯ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. "ವಿಡಿಯೋ ಐಸಿ ಹೋಗೈತ್ರಿ ಅಣ್ಣಾರ, ಇಟ್ಟು ಹೋಗ್ರಿ" ಅಂದ. ಅಂದರೆ ಚಿತ್ರ ಕಳಿಸುವ ಚಿಪ್. ಒಂಬತ್ತು ದಿನ ಬಿಟ್ಟು ತನ್ನ ಟೀವಿಗೆ ಹಾಕಿ ತೋರಿಸಿದ. ಚಿತ್ರ ಕನ್ನಡಿ ಹಾಗಿತ್ತು. ಒಂದೇ ಟೀವಿಗೆ ಹಾಕಿದರೆ ಮೊದಲೂ ಹಾಗೇ ಬರುತ್ತಿತ್ತು ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ. ಖುಷಿಯಿಂದ ದುಡ್ಡು ಕೊಟ್ಟೆ.

ಮನೆಗೆ ಬಂದು ಹಾಕಿದರೆ ಮತ್ತೆ ಅದೇ ಉರುಳಾಟ. ಅಷ್ಟರಲ್ಲಿ ಸಣ್ಣವನು ಹಾಲ್‌ನಲ್ಲಿ ವೈರಿಗೆ ಎಡವಿದ, ಎಲ್‌ಇಡಿಯ ಹಳದಿ ಪಿನ್ ಕಿತ್ತು ಬಂತು. ರೂಮಿನಿಂದ ದೊಡ್ಡವನು ಕೂಗಿದ: "ಮಾಮಾ, ಈಗ ಸರಿ ಬಂತು ನೋಡು!"

ಆಮೇಲೆ ಕೂತು ತಿಳಿದುಕೊಂಡೆ. ಹಳದಿ ಪಿನ್ನಿನಲ್ಲಿ ಬರುವ ಸಿಗ್ನಲ್ ಒಟ್ಟು 1 ವೋಲ್ಟ್. ಅದರಲ್ಲಿ ಸುಮಾರು 0.3 ವೋಲ್ಟ್ ಬರೀ ಸಿಂಕ್‌ಗೆ. ಪ್ರತಿ ಗೆರೆ ಎಲ್ಲಿ ಶುರು, ಇಡೀ ಚಿತ್ರ ಎಲ್ಲಿ ಶುರು ಅಂತ ಟೀವಿಗೆ ಹೇಳುವುದೇ ಅದು. ಪ್ರತಿ ಟೀವಿಯ ಒಳಗೆ ಸಿಗ್ನಲ್ ಎಳೆದುಕೊಳ್ಳುವ 75 ಓಮ್ ಲೋಡ್ ಇರುತ್ತದೆ; ಓಮ್ ಕಡಿಮೆಯಾದಷ್ಟೂ ಎಳೆತ ಜಾಸ್ತಿ. ಪ್ಲೇಸ್ಟೇಷನ್ ಒಂದು ಲೋಡ್ ಎಳೆಯೋ ಲೆಕ್ಕದಲ್ಲಿ ಮಾಡಿದ್ದು. ವೈ ಹಾಕಿ ಎರಡು ಟೀವಿ ಕೊಟ್ಟರೆ ಲೋಡ್ 37.5 ಓಮ್ ಆಗಿ ಸಿಗ್ನಲ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. 0.3 ಇದ್ದ ಸಿಂಕ್ 0.2 ಆಗುತ್ತದೆ. ಕೆಲವು ಟೀವಿ ಅಷ್ಟರಲ್ಲೇ ಹಿಡಿದುಕೊಳ್ಳುತ್ತವೆ, ನಮ್ಮವು ಕೈ ಬಿಟ್ಟವು. ಕೆಂಪು-ಬಿಳಿ ಪಿನ್ನಿನ ಸೌಂಡಿಗೆ ಈ ಕಾಟ ಇಲ್ಲ, ಆಡಿಯೋ ಇನ್‌ಪುಟ್ ಎಳೆಯುವುದು ತೀರಾ ಕಡಿಮೆ.

ಹಾಗಾಗಿ ಚಿತ್ರ ಉರುಳಿದರೆ ಮೊದಲು ಒಂದು ಟೀವಿಯ ಹಳದಿ ಪಿನ್ ಬಿಚ್ಚಿ ನೋಡಿ. ಆಗ ಉರುಳಾಟ ನಿಂತರೆ ತಪ್ಪು ವೈ ಪಿನ್ನಿನದು. ಒಂದೇ ಟೀವಿ ಇದ್ದಾಗಲೂ ಉರುಳಿದರೆ, ಅಥವಾ ಬಣ್ಣ ಹೋಗಿ ಕಪ್ಪು-ಬಿಳುಪಾದರೆ, ಡಿಸ್ಕ್ ನೋಡಿ. ಟೀವಿಗೆ ಚಿತ್ರ ಕಳಿಸುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ: ಅಮೆರಿಕ, ಜಪಾನಿನ ಡಿಸ್ಕುಗಳು 60 ಹರ್ಟ್ಸ್‌ನ ಎನ್‌ಟಿಎಸ್‌ಸಿ. ನಮ್ಮ ಹಳೇ ಟೀವಿಗಳಲ್ಲಿ ಕೆಲವಕ್ಕೆ 50 ಹರ್ಟ್ಸ್‌ನ ಪಾಲ್ ಬಿಟ್ಟು ಬೇರೆ ಗೊತ್ತಿಲ್ಲ.

ಎರಡು ಟೀವಿ ಬೇಕೇ ಬೇಕು ಅಂದರೆ ಕರೆಂಟಿನಿಂದ ನಡೆಯುವ ವಿಡಿಯೋ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ತಗೊಳ್ಳಿ, ಅದು ಪ್ರತಿ ಟೀವಿಗೂ ಪೂರ್ತಿ ಬಲದ ಸಿಗ್ನಲ್ ಕೊಡುತ್ತದೆ. ಅಡಾಪ್ಟರ್ ಇಲ್ಲದ ಸ್ಪ್ಲಿಟರ್ ಅಂದರೆ ಅದೂ ವೈ ಪಿನ್ನೇ, ಡಬ್ಬಿ ಮಾತ್ರ ಬೇರೆ. ಸಿಸಿಟಿವಿ ಕೆಲಸ ಮಾಡುವ ಪರಿಚಯದ ಹುಡುಗನ ಹತ್ತಿರ ಹಳೇದೊಂದು ಬಿದ್ದಿತ್ತು, ಪಿನ್ ಬದಲಿಸಿ ಹಾಕಿದೆ. ಎರಡರಲ್ಲೂ ಚಿತ್ರ ಉರುಳದೆ ಗಟ್ಟಿಯಾಗಿ ನಿಂತಿತು. ಎಲ್‌ಇಡಿ ಚಿತ್ರವನ್ನು ತಿದ್ದಿ ತೋರಿಸುವಷ್ಟರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ, ಅದಕ್ಕೆ ಆಡುವವರು ಡಬ್ಬಾ ಟೀವಿ ಮುಂದೆಯೇ ಕೂರಬೇಕು.

ಅಂಗಡಿಗೆ ವಾಪಸ್ ಹೋಗಿ, ಬಿಚ್ಚಿದ ಹಳೇ ಐಸಿ ಕೊಡಪ್ಪಾ ನೋಡೋಣ ಅಂದೆ. "ಅವತ್ತೇ ಒಗದೇವ್ರಿ" ಅಂದ. ನೀವು ರಿಪೇರಿಗೆ ಕೊಡುವ ದಿನವೇ ಹೇಳಿಬಿಡಿ, ತೆಗೆದ ಸಾಮಾನು ಕೈಗೆ ಬಂದ ಮೇಲೇ ದುಡ್ಡು ಅಂತ.