ಫೈಲ್‌ಗಳ ಸಮಯ ನಿಗದಿಪಡಿಸುವ ಯುಟೈಮೆನ್ಸ್‌ಆಟ್: ಒಂದು ವಿಮರ್ಶೆ

ಲಿನಕ್ಸ್‌ನಲ್ಲಿ ಫೈಲೊಂದನ್ನು ಕೊನೆಯ ಬಾರಿ ಓದಿದ ಸಮಯವನ್ನೂ ತಿದ್ದಿದ ಸಮಯವನ್ನೂ ನಾವೇ ನಿಗದಿಪಡಿಸಲು ಇರುವ ಸಿಸ್ಟಮ್ ಕಾಲ್‌ಗಳಲ್ಲಿ (ಅಂದರೆ ಪ್ರೋಗ್ರಾಂ ಕರ್ನೆಲ್‌ಗೆ, ಲಿನಕ್ಸ್‌ನ ತಿರುಳಿಗೆ, ಸಲ್ಲಿಸುವ ಕೋರಿಕೆಗಳಲ್ಲಿ) ಯುಟೈಮೆನ್ಸ್‌ಆಟ್ ಅತ್ಯುತ್ತಮವಾದುದು ಎಂಬುದು, ಬ್ಯಾಕಪ್ ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ಅದನ್ನು ಸದಾ ಬಳಸುವ ನನ್ನ ಖಚಿತ ಅಭಿಪ್ರಾಯ. 2007ರಲ್ಲಿ ಕರ್ನೆಲ್‌ನ 2.6.22ನೇ ಆವೃತ್ತಿಯೊಂದಿಗೆ ಬಂದ ಇದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪೋಸಿಕ್ಸ್ ಮಾನಕದ 2008ರ ಆವೃತ್ತಿಯಲ್ಲೂ ಸ್ಥಾನ ಪಡೆಯಿತು.

ಇದೇ ಕೆಲಸದ ಹಿಂದಿನ ಕರೆಗಳಾದ ಯುಟೈಮ್ ಸೆಕೆಂಡಿನ ಲೆಕ್ಕದಲ್ಲೂ ಯುಟೈಮ್ಸ್ ಮೈಕ್ರೊಸೆಕೆಂಡಿನ ಲೆಕ್ಕದಲ್ಲೂ ಸಮಯವನ್ನು ಸ್ವೀಕರಿಸುತ್ತವೆ; ಯುಟೈಮೆನ್ಸ್‌ಆಟ್ ನ್ಯಾನೊಸೆಕೆಂಡಿನವರೆಗೆ ಹೋಗುತ್ತದೆ. ಇದೊಂದು ಸಣ್ಣ ವ್ಯತ್ಯಾಸವಲ್ಲ. ಮೂಲ ಫೈಲನ್ನು ತಿದ್ದಿದ ಸಮಯದ ಸೆಕೆಂಡಿನ ಭಾಗ 30.123456789 ಎಂದಿರಲಿ. ಯುಟೈಮ್ಸ್ ಮೂಲಕ ಅದನ್ನು ನಕಲಿಗೆ ಹಾಕಿದರೆ ಉಳಿಯುವುದು 30.123456 ಮಾತ್ರ, ಕೊನೆಯ 789 ನ್ಯಾನೊಸೆಕೆಂಡ್ ಬಿಟ್ಟುಹೋಗಿ, ನಕಲು ಮೂಲಕ್ಕಿಂತ ಹಳೆಯದೆಂದು ಕಾಣುತ್ತದೆ. ಮೂಲವು ಹೊಸತಾಗಿದ್ದರೆ ಮಾತ್ರ ನಕಲಿಸಬೇಕೆಂಬ ನಿಯಮದ ಮೇಲೆ ನಡೆಯುವ ಪ್ರೋಗ್ರಾಂ, ಯಾರೂ ಮುಟ್ಟದ ಅದೇ ಫೈಲನ್ನು ಓಡಿಸಿದಾಗಲೆಲ್ಲ ಮತ್ತೆ ನಕಲಿಸುತ್ತ ಹೋಗುತ್ತದೆ. ಆದರೆ ಈ ಸೂಕ್ಷ್ಮತೆಯ ಲಾಭ ಸಿಗಲು ಫೈಲ್ ಸಿಸ್ಟಮ್ ಕೂಡ ಅದಕ್ಕೆ ತಕ್ಕಂತಿರಬೇಕು: ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ನಲ್ಲಿ ತಿದ್ದಿದ ಸಮಯ ಎರಡೆರಡು ಸೆಕೆಂಡಿನ ಲೆಕ್ಕದಲ್ಲಷ್ಟೇ ದಾಖಲಾಗುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಯುಟೈಮ್_ಓಮಿಟ್ ಎಂಬ ಸೌಲಭ್ಯ. ನ್ಯಾನೊಸೆಕೆಂಡಿನ ಜಾಗದಲ್ಲಿ ಈ ವಿಶೇಷ ಮೌಲ್ಯವನ್ನಿಟ್ಟರೆ ಕರ್ನೆಲ್ ಆ ಸಮಯವನ್ನು ಇದ್ದಂತೆಯೇ ಬಿಡುತ್ತದೆ. ಮೊದಲಾದರೆ, ತಿದ್ದಿದ ಸಮಯವೊಂದನ್ನೇ ಬದಲಿಸಬೇಕಿದ್ದರೂ ಫೈಲಿನ ವಿವರ ಕೊಡುವ ಸ್ಟ್ಯಾಟ್ ಅನ್ನು ಕರೆದು, ಓದಿದ ಸಮಯವನ್ನು ಪಡೆದು, ಅದನ್ನೇ ಮರಳಿ ಬರೆಯಬೇಕಿತ್ತು. ಆ ನಡುವೆ ಬೇರೊಂದು ಪ್ರೋಗ್ರಾಂ ಫೈಲನ್ನು ಓದಿದರೆ ಆ ಹೊಸ ದಾಖಲೆ ಅಳಿಸಿಹೋಗುತ್ತಿತ್ತು. ಈ ತೊಂದರೆಯನ್ನು ಬೇರುಸಹಿತ ತೆಗೆದದ್ದು ಸೊಗಸಾದ ಕೆಲಸ. ಸಿಂಬಾಲಿಕ್ ಲಿಂಕ್ ಸೂಚಿಸುವ ಫೈಲನ್ನು ಬಿಟ್ಟು ಲಿಂಕ್‌ನ ಸಮಯವನ್ನೇ ಬದಲಿಸುವ ಅವಕಾಶವೂ ಇದೆ.

ಅಸಮಾಧಾನವಿರುವುದು ಅನುಮತಿಯ ನಿಯಮಗಳ ಬಗ್ಗೆ. ಎರಡೂ ಸಮಯಗಳನ್ನು ಈ ಕ್ಷಣಕ್ಕೆ ತರಲು ಫೈಲಿಗೆ ಬರೆಯುವ ಅನುಮತಿಯಿದ್ದರೆ ಸಾಕು. ಆದರೆ ಒಂದನ್ನು ಮಾತ್ರ ಈ ಕ್ಷಣಕ್ಕೆ ತಂದು ಇನ್ನೊಂದನ್ನು ಹಾಗೆಯೇ ಬಿಡಬೇಕೆಂದರೆ ಫೈಲಿನ ಒಡೆತನ ಅಥವಾ ವಿಶೇಷ ಅಧಿಕಾರ ಬೇಕು. ಹೀಗಾಗಿ ತಂಡದವರೆಲ್ಲ ಬರೆಯಬಹುದಾದ, ಆದರೆ ಸಹೋದ್ಯೋಗಿಯ ಹೆಸರಿನಲ್ಲಿರುವ ಫೈಲಿನ ಮೇಲೆ, ಎರಡೂ ಸಮಯಗಳನ್ನು ಈ ಕ್ಷಣಕ್ಕೆ ತರುವ ಟಚ್ ಆಜ್ಞೆ ನಡೆಯುತ್ತದೆ. ತಿದ್ದಿದ ಸಮಯವನ್ನಷ್ಟೇ ಬದಲಿಸುವ ಎಮ್ ಆಯ್ಕೆಯನ್ನು ಅದಕ್ಕೆ ಸೇರಿಸಿದ ಕೂಡಲೇ ಅನುಮತಿಯಿಲ್ಲ ಎಂಬ ದೋಷ ಬರುತ್ತದೆ. ಕಡಿಮೆ ಬದಲಾವಣೆಗೆ ಹೆಚ್ಚಿನ ಅಧಿಕಾರ ಕೇಳುವ ಈ ನಿಯಮ ನನಗೆ ಸಮಂಜಸವೆನಿಸುವುದಿಲ್ಲ.

ಫೈಲಿನ ವಿವರಗಳು ಬದಲಾದ ಸಮಯವನ್ನು, ಅಂದರೆ ಸಿಟೈಮ್ ಅನ್ನು, ಇದರಿಂದ ನಿಗದಿಪಡಿಸಲಾಗದು. ಈ ಕರೆ ಯಶಸ್ವಿಯಾದಾಗ ಕರ್ನೆಲ್ ತಾನೇ ಅದನ್ನು ಆ ಕ್ಷಣಕ್ಕೆ ಏರಿಸುತ್ತದೆ. ಇದನ್ನು ಕೊರತೆಯೆಂದು ದೂರುವವರಿದ್ದಾರೆ, ನಾನು ಒಪ್ಪುವುದಿಲ್ಲ. ತಿದ್ದಿದ ಸಮಯವನ್ನು ಯಾರೋ ಹಿಂದಕ್ಕೆ ತಳ್ಳಿದ್ದಾರೆಂಬ ಸುಳಿವು ಉಳಿಯುವುದು ಅಲ್ಲಿಯೇ.

ಸಿ ಭಾಷೆಯಲ್ಲಿ ಹೊಸದಾಗಿ ಬರೆಯುವವರು ಯುಟೈಮ್ ಅನ್ನು ಬಿಟ್ಟು ನೇರವಾಗಿ ಇದನ್ನೇ ಹಿಡಿಯಬಹುದು. ಫೈಲ್ ಈಗಾಗಲೇ ತೆರೆದಿದ್ದರೆ ಇದರ ಜೊತೆಗಾರ ಫ್ಯುಟೈಮೆನ್ಸ್ ಇನ್ನೂ ಅನುಕೂಲ. ಅದನ್ನು ಕರೆಯಬೇಕಾದದ್ದು ಬರೆಯುವುದೆಲ್ಲ ಮುಗಿದ ಮೇಲೆ, ಏಕೆಂದರೆ ಅನಂತರ ಒಂದೇ ಒಂದು ಬೈಟ್ ಬರೆದರೂ ತಿದ್ದಿದ ಸಮಯ ಮತ್ತೆ ಈ ಹೊತ್ತಿಗೆ ಬಂದುಬಿಡುತ್ತದೆ.